ಗಾಜಿಲ್ಲದ ಮನೆಯ ಕಿಟಕಿ ಪಂಡಿತೆ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಮಂಡಿನೋವು. ನನಗಿರುವ ಕಾಯಿಲೆಗೆ ಯಾವ ಡಾಕ್ಟರೂ ಮಾತ್ರೆ ಬರೆದುಕೊಡುವುದಿಲ್ಲ. "ಗೊತ್ತಿಲ್ಲ" ಎಂಬ ಒಂದು ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಆ ಮಾತು ದಿನಕ್ಕೆ ಹತ್ತು ಸಲವಾದರೂ ಬೇಕಾಗುತ್ತದೆ ಎಂದು ನೀವು ಅಂದುಕೊಳ್ಳಬಹುದು. ಹಾಗಲ್ಲ. ಹೆಚ್ಚು ಓದಿದವರು ಧೈರ್ಯವಾಗಿ ಗೊತ್ತಿಲ್ಲ ಎನ್ನುತ್ತಾರೆ. ಬೇರೆ ನೂರು ವಿಷಯ ಅವರಿಗೆ ಗೊತ್ತಿದೆ ಎಂದು ಊರಿಗೇ ಗೊತ್ತು. ನಾನು ಹಾಗೆಂದರೆ ಆಮೇಲೆ ಉಳಿಯುವುದೇನು? ಆದ್ದರಿಂದ ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕಾರ್ಕಳದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ನನ್ನ ಕೈ ತಾನಾಗಿ ಒಂದು ಕಡೆಗೆ ಚಾಚಿಕೊಳ್ಳುತ್ತದೆ. ಕಾರ್ಕಳಕ್ಕೆ ಹೊರಟವರು ನನ್ನ ಮಾತು ಕೇಳಿ ಎಷ್ಟು ಮಂದಿ ಮಣಿಪಾಲದಲ್ಲಿ ಇಳಿದು ನಿಂತಿದ್ದಾರೋ, ದೇವರೇ ಬಲ್ಲ. ಅವರಿಗೆಲ್ಲ ಇನ್ನೊಂದು ಬಸ್ಸು ಸಿಕ್ಕಿರಬಹುದು. ಈ ಕಾಯಿಲೆಯಿಂದ ನಿಜವಾಗಿ ತೊಂದರೆಯಾದದ್ದು ನನ್ನ ಒಬ್ಬನೇ ತಮ್ಮನಿಗೆ.

ನಮ್ಮ ಮನೆ ಇರುವುದು ಕಾಪುವಿನಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ಮನೆಗೆ ನಾಲ್ಕು ಕಿಟಕಿ. ನಾಲ್ಕಕ್ಕೂ ಕಬ್ಬಿಣದ ಸರಳು, ಮರದ ಬಾಗಿಲು. ಗಾಜು ಒಂದಕ್ಕೂ ಇಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ಎರಡು ಚಳಿಗಾಲ ಪೂರ್ತಿ ನಾನು ಕಿಟಕಿಯ ಗಾಜಿನ ವಿಷಯದಲ್ಲಿ ಸಲಹೆ ಕೊಟ್ಟಿದ್ದೇನೆ. ತಮ್ಮ ಉಮೇಶ ಶಿಮ್ಲಾದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ. ಮದುವೆಯಾಗಿಲ್ಲ. ಹೋಟೆಲಿನಿಂದ ಮೇಲಕ್ಕೆ ಅರ್ಧ ಗುಡ್ಡ ಹತ್ತಿದರೆ ಅವನ ಬಾಡಿಗೆ ಕೋಣೆ. ಹೋದ ವರ್ಷದ ಹಿಂದಿನ ಡಿಸೆಂಬರಿನಲ್ಲಿ ಹಳೆಯ ಕೋಣೆ ಬಿಟ್ಟು ಅಲ್ಲಿಗೆ ಹೋದವನು ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿದ. ನಾನು ಮಲ್ಪೆಗೆ ಹೋಗಲು ಬಸ್ಸು ಕಾಯುತ್ತಿದ್ದೆ. ನಾವು ಮಾತಾಡುವುದು ತುಳುವಿನಲ್ಲಿ; ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಕ್ಕ, ಇಲ್ಲಿ ಕಿಟಕಿ ಬೆವರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ಮೇಲೆ ನೀರು ಧಾರೆ ಧಾರೆ. ಕೆಳಗೆ ಇಟ್ಟ ಹಾಸಿಗೆ ಒದ್ದೆ. ಎಂತ ಮಾಡುವುದು?"

ಇಲ್ಲಿ ನಾನು "ಗೊತ್ತಿಲ್ಲ ಮಾರಾಯ, ಅಲ್ಲಿಯವರನ್ನು ಕೇಳು" ಎನ್ನಬೇಕಿತ್ತು. ಆದರೆ ನಾನು ಇಪ್ಪತ್ತೆರಡು ವರ್ಷದಿಂದ ಮಲ್ಪೆಯಲ್ಲಿ ಸಿಗಡಿ ಪ್ಯಾಕ್ ಮಾಡುವವಳು. ನಮ್ಮಲ್ಲಿ ಒಂದು ಶೀತಲ ಕೋಣೆ ಉಂಟು. ಅದರ ಬಾಗಿಲನ್ನು ಯಾರಾದರೂ ಎರಡು ನಿಮಿಷ ತೆರೆದಿಟ್ಟರೆ ಕಡಲ ಗಾಳಿ ಒಳಗೆ ನುಗ್ಗಿ, ಮೇಲಿನ ಮಾಡಿನಿಂದ ನೀರು ತೊಟ್ಟಿಕ್ಕಲು ಶುರು. ಸೂಪರ್‌ವೈಸರ್ ಇದ್ದಲ್ಲಿಂದಲೇ ಕಿರುಚುತ್ತಾರೆ, "ಬಾಗಿಲು ಹಾಕಿ!" ಇಷ್ಟು ವರ್ಷ ಇದನ್ನೇ ಕೇಳಿದವಳಿಗೆ ಚಳಿಯ ವಿಷಯದಲ್ಲಿ ನನ್ನಷ್ಟು ತಿಳಿದವರು ಯಾರೂ ಇಲ್ಲ ಎಂದು ಅನ್ನಿಸುವುದು ಸಹಜ ತಾನೇ? "ಗಾಳಿ ಒಳಗೆ ಬರ್ತಾ ಉಂಟು. ಸಂದಿ ಎಲ್ಲ ಮುಚ್ಚು. ಟೇಪ್ ಹಚ್ಚು. ಕಿಟಕಿ ತೆರೆಯಲೇಬೇಡ" ಎಂದೆ. ಅವನು ತೆರೆಯಲಿಲ್ಲ. ಚಿಕ್ಕಂದಿನಿಂದಲೂ ನಾನು ಹೇಳಿದ್ದನ್ನು ಕೇಳುವುದು ಅವನ ಕಾಯಿಲೆ.

ಹತ್ತು ದಿನದ ನಂತರ ನೀರು ಹೆಚ್ಚಾಯಿತು ಎಂದ. "ಟೇಪ್ ಸರಿ ಹಚ್ಚಿಲ್ಲ" ಎಂದೆ. ಜನವರಿಯಲ್ಲಿ ಗೋಡೆಯ ಮೂಲೆಯಲ್ಲಿ ಕಪ್ಪು ಹತ್ತಿದೆ, ಸ್ವಲ್ಪ ಕೆಮ್ಮು ಉಂಟು ಎಂದ. ಮೀನಿಗೆ ಉಪ್ಪು ಹಾಕಿದರೆ ನೀರು ಬಿಡುತ್ತದಲ್ಲ, ಅದು ನೆನಪಾಯಿತು. "ನಾಲ್ಕು ಮೂಲೆಗೂ ಬಟ್ಟಲಲ್ಲಿ ಕಲ್ಲುಪ್ಪು ಇಡು, ನೀರನ್ನು ಅದು ಎಳೆದುಕೊಳ್ಳುತ್ತದೆ" ಎಂದೆ. ಇಟ್ಟ. ಒಂದು ದಿನ ಮನೆಯ ಯಜಮಾನಿ ಕೋಣೆಗೆ ಇಣುಕಿದವಳು ನಾಲ್ಕು ಮೂಲೆಯ ಉಪ್ಪು ನೋಡಿ ಹೊಸ್ತಿಲಲ್ಲೇ ನಿಂತು, "ಯಾರಿಗೆ ಮಾಟ ಮಾಡಿಸುತ್ತಿದ್ದೀ?" ಎಂದು ಹಿಂದಿಯಲ್ಲಿ ಕೂಗಿದಳಂತೆ. ಉಮೇಶ ಇದನ್ನು ನಗುತ್ತ ಹೇಳಿದ, ನಡುವೆ ಕೆಮ್ಮುತ್ತ. ನಾನೂ ನಕ್ಕೆ. ಅವಳು ಮತ್ತೆ ಏನು ಹೇಳಿದಳು ಎಂದು ಮಾತ್ರ ಕೇಳಲಿಲ್ಲ.

ನನ್ನ ಪಕ್ಕ ಕೂತು ಸಿಗಡಿ ಸುಲಿಯುವ ಯಲ್ಲವ್ವ ಬಾಗಲಕೋಟೆ ಕಡೆಯವಳು. ಗಂಡ ಗಾರೆ ಕೆಲಸಕ್ಕೆ ಬಂದದ್ದರಿಂದ ಇವಳೂ ಬಂದು ನಮ್ಮಲ್ಲಿ ಸೇರಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಸಲಹೆಯನ್ನೆಲ್ಲ ಹೆಮ್ಮೆಯಿಂದ ಅವಳಿಗೆ ಹೇಳಿದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಅಕ್ಕಾರ, ನಿಮ್ಮ ತಮ್ಮ ಏನ್ ಸಿಗಡಿ ಏನ್ರೀ, ಬಾಗಲಾ ಹಾಕಿ ಇಡಾಕ?"

"ಎಂತ ಹೇಳ್ತಿ ನೀನು?"

"ಸಿಗಡಿ ಉಸಿರು ಬಿಡೂದಿಲ್ಲ, ಅನ್ನಾ ಕುದಸೂದಿಲ್ಲ, ಅರಬೀ ಒಣಗ ಹಾಕೂದಿಲ್ಲ. ಮನಷ್ಯಾ ಅದನ್ನೆಲ್ಲಾ ಮಾಡ್ತಾನ. ಆ ಹಬಿ ಎಲ್ಲಿ ಹೋಗಬೇಕ್ರೀ? ಗಾಜಿಗೇ ಕುಂದರತೈತಿ. ನಮಗ ತಿಳೀದು ಅಂದ್ರ ನಿಮ್ಮ ಹಲ್ಲು ಉದರ್ತಾವೇನ್ರೀ?"

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಉಮೇಶನಿಗೆ ಹೋಟೆಲಿನ ಬಿಳೀ ಬೆಳ್ತಿಗೆ ಅನ್ನ ಸೇರುವುದಿಲ್ಲ. ನಾನು ಪಾರ್ಸೆಲ್ ಮಾಡಿದ ಕುಚ್ಚಲಕ್ಕಿಯನ್ನು ಆ ಪುಟ್ಟ ಕೋಣೆಯಲ್ಲಿ, ಮುಚ್ಚಳ ಹಾಕದೆ, ಒಂದು ಗಂಟೆ ಕುದಿಸುತ್ತಾನೆ. ಅಂದರೆ ಹಬೆಯನ್ನೂ ನಾನೇ ಕಳುಹಿಸಿದ್ದು, ಅದು ಹೊರಗೆ ಹೋಗದ ಹಾಗೆ ಟೇಪ್ ಹಚ್ಚಿಸಿದ್ದೂ ನಾನೇ. ನೀರು ಗಾಜಿನ ಒಳಗಿನದೋ ಹೊರಗಿನದೋ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮಾರನೆಯ ದಿನ ಫೋನ್ ಬಂದಾಗ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಬಂದ ಮಾತು, "ಉಪ್ಪು ಬದಲಾಯಿಸಿದ್ದೀಯಾ?"

ಫೆಬ್ರವರಿಯಲ್ಲಿ ಒಂದು ದಿನ ಅವನು, "ಅಕ್ಕ, ಅಮ್ಮನಿಗೆ ಗಡ್ಡ ಬಂದಿದೆ" ಎಂದ. ಅಮ್ಮನದೆಂದು ನಮ್ಮಲ್ಲಿದ್ದದ್ದು ಒಂದೇ ಫೋಟೋ. ಅದನ್ನು ಅವನು ಆ ಕಪ್ಪು ಹತ್ತಿದ ಗೋಡೆಯಲ್ಲಿ ತೂಗಿಹಾಕಿದ್ದ. ಚೌಕಟ್ಟಿನ ಹಿಂದಿನಿಂದ ಬೂಷ್ಟು ಹಿಡಿದು ಗಲ್ಲದವರೆಗೆ ಕಪ್ಪಾಗಿತ್ತು. ನಾವಿಬ್ಬರೂ ನಕ್ಕೆವು. ನಕ್ಕು ಮುಗಿಯುವಾಗ ನನ್ನ ಬಸ್ಸು ಹೋಗಿಯಾಗಿತ್ತು.

ಆ ಫೋಟೋ ಅಲ್ಲಿಗೆ ಹೋದ ಕತೆಯನ್ನೂ ಹೇಳಿಬಿಡುತ್ತೇನೆ. ಇಷ್ಟು ಹೇಳಿದ ಮೇಲೆ ಅದೊಂದನ್ನು ಯಾಕೆ ಉಳಿಸಬೇಕು? ಅಮ್ಮನ ವರ್ಷದ ತಿಥಿಗೆ ಬಂದವನು ಹೊರಡುವ ಹಿಂದಿನ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕ, ನಾನು ಇಲ್ಲಿಯೇ ಇದ್ದರೆ ಹೇಗೆ? ಪೇಟೆಯಲ್ಲಿ ಒಂದು ಸಣ್ಣ ಕ್ಯಾಂಟೀನ್ ಮಾಡಬಹುದು ಅಲ್ವಾ?" ಎಂದು ಕೇಳಿದ. ಕ್ಯಾಂಟೀನ್ ನಡೆಯುತ್ತದೋ ಇಲ್ಲವೋ ನನಗೆ ಏನು ಗೊತ್ತು? ಆದರೂ ಖಂಡಿತವಾಗಿ ಹೇಳಿದೆ, "ಇಲ್ಲಿ ಎಂತ ಉಂಟು? ನಡೆಯುವುದಿಲ್ಲ. ಅಲ್ಲಿಗೇ ಹೋಗು." ಅವನು ವಾದ ಮಾಡುತ್ತಾನೆ, ನಾನು ಸೋಲುತ್ತೇನೆ ಎಂದು ಮನಸ್ಸಿನಲ್ಲಿ ಇತ್ತು. ಅವನು ವಾದ ಮಾಡಲಿಲ್ಲ. "ಹಾಗಾದರೆ ಅಮ್ಮನ ಫೋಟೋ ಕೊಂಡುಹೋಗುತ್ತೇನೆ" ಎಂದ. ಆರು ವರ್ಷವಾಯಿತು. ನಾಲ್ಕು ಕಿಟಕಿಯಲ್ಲಿ ಈಗ ನಾನು ತೆರೆಯುವುದು ಒಂದನ್ನು. ಉಳಿದವನ್ನು ಯಾರಿಗಾಗಿ ತೆರೆಯುವುದು ಎಂದು ಉದಾಸೀನ.

ಈ ಚಳಿಗಾಲದಲ್ಲಿಯೂ ಕಿಟಕಿ ಬೆವರಿತು. ದಿನಾ ಆರೂವರೆಗೆ ಫೋನ್, ದಿನಾ ನನ್ನ ಸಲಹೆ. ಒಂದು ಬೆಳಿಗ್ಗೆ ಅವನ ಬೆರಳು ಎಲ್ಲಿಗೋ ತಾಗಿ ವಿಡಿಯೋ ಬಂತು. "ಇವತ್ತಂತೂ ಧಾರೆ ಸುರಿಯುತ್ತಾ ಉಂಟು ಅಕ್ಕ" ಎನ್ನುತ್ತಿದ್ದಾನೆ. ಅವನ ಬೆನ್ನ ಹಿಂದೆ ಕನ್ನಡಿಯಂಥ ಒಣ ಗಾಜು, ಅದರಾಚೆ ನಸುಬೆಳಕಿನಲ್ಲಿ ಬಿಳೀ ಗುಡ್ಡ.

"ಎಲ್ಲಿ ಮಾರಾಯ ನೀರು?"

ಸಿಕ್ಕಿಬಿದ್ದವನು ತಲೆ ಕೆರೆದುಕೊಂಡ. ಅಮ್ಮನ ಫೋಟೋ ಹಾಳಾದಾಗಲೇ ಯಜಮಾನಿ ಟೇಪ್ ಕಿತ್ತು ಹಾಕಿಸಿದ್ದಳಂತೆ. ಬೆಳಿಗ್ಗೆ ಸಂಜೆ ಹತ್ತು ನಿಮಿಷ ಕಿಟಕಿ ತೆರೆ, ಪಾತ್ರೆಗೆ ಮುಚ್ಚಳ ಹಾಕು, ಬಟ್ಟೆ ಹೊರಗೆ ಒಣಗಿಸು, ಟ್ರಂಕನ್ನು ಗೋಡೆಗೆ ತಾಗಿಸಬೇಡ ಎಂದಳಂತೆ. ಅಷ್ಟೇ. ಕೆಮ್ಮೂ ಹೋಯಿತು.

"ಮತ್ತೆ ಒಂದು ವರ್ಷದಿಂದ ಯಾಕೆ ನನ್ನ ಹತ್ತಿರ ಕೇಳುತ್ತಿದ್ದಿ?"

"ಬೇರೆ ಎಂತ ಮಾತಾಡಿದರೂ ನೀನು 'ಊಟ ಆಯ್ತಾ, ಇಡ್ತೇನೆ' ಅಂತಿ. ಕಿಟಕಿ ಅಂದರೆ ಬಸ್ಸು ಬರುವವರೆಗೆ ಮಾತಾಡ್ತಿ."

ಆಮೇಲೆ ಫೋನುಗಳು ಸಣ್ಣವಾದವು. ಊಟ ಆಯ್ತಾ, ಆಯ್ತು, ಬಸ್ಸು ಬಂತಾ, ಇಲ್ಲ. ಬಸ್ಸು ಬರುವುದು ಇಷ್ಟು ತಡ ಎಂದು ಇಪ್ಪತ್ತೆರಡು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಒಂಬತ್ತನೇ ದಿನ ತಡೆಯಲಾರದೆ, "ಉಮೇಶ, ಈಗ ನಮ್ಮ ಕಿಟಕಿಯೂ ಬೆವರುತ್ತಾ ಉಂಟು" ಎಂದುಬಿಟ್ಟೆ. ನಾನು ನಿಂತಲ್ಲಿ ಬೆವರುತ್ತಿದ್ದದ್ದು ನಾನು ಮಾತ್ರ.

"ಹೌದಾ? ನೀರು ಗಾಜಿನ ಒಳಗೋ ಹೊರಗೋ?"

"ಒಳಗೆ."

"ಅಕ್ಕ, ನಮ್ಮ ಕಿಟಕಿಗೆ ಗಾಜು ಯಾವಾಗ ಹಾಕಿಸಿದ್ದು?"

"ಗೊತ್ತಿಲ್ಲ ಮಾರಾಯ" ಎಂದೆ. "ನನಗೆ ಎಂತದೂ ಗೊತ್ತಿಲ್ಲ. ಆಗಲೂ ಗೊತ್ತಿರಲಿಲ್ಲ. ನೀನೇ ಬಂದು ನೋಡು." ಹಲ್ಲೇನೂ ಉದುರಲಿಲ್ಲ. ಅದಕ್ಕೆ ಅವನು, "ಕ್ಯಾಂಟೀನಿಗೆ ಜಾಗ ನೋಡಿಡು" ಎಂದ.

ಬರುವ ತಿಂಗಳು ಬರುತ್ತಾನೆ. ನಾಲ್ಕು ಕಿಟಕಿಯನ್ನೂ ತೆರೆದು ಗುಡಿಸಿದ್ದೇನೆ. ನಿನ್ನೆ ಗಾಜಿನವನನ್ನು ಕರೆಸಿ ಒಂದು ಕಿಟಕಿಯ ಅಳತೆ ಕೊಟ್ಟೆ. ತಮ್ಮ ಬರುವಾಗ ಒಂದಕ್ಕಾದರೂ ಗಾಜು ಇಲ್ಲದಿದ್ದರೆ ಅಕ್ಕ ಎಂಬ ಮರ್ಯಾದೆ ಎಲ್ಲಿ ಉಳಿಯುತ್ತದೆ? ಗಾಜಿನವ ಅಳತೆ ಟೇಪು ಸುತ್ತುತ್ತ, "ಈ ಸೆಕೆಗೆ ಗಾಜು ಎಂತಕ್ಕೆ ಅಕ್ಕ, ಬೆಂದು ಹೋಗ್ತೀರಿ" ಎಂದ. "ನಿನಗೆ ಗೊತ್ತಿಲ್ಲ ಮಾರಾಯ" ಎಂದೆ. "ಗಾಜು ಹಾಕಿದರೆ ಮನೆ ತಂಪು."