ಬಟ್ಟೆ ಬೀರುವಿನ ಗಗನವೀರ

ನನ್ನ ಕಾರ್ಟೂನಿನ ಅಷ್ಟೂ ಪಾತ್ರಗಳಿಗೆ ಇನ್ನು ನಾನೊಬ್ಬನೇ ದನಿ ಕೊಡುತ್ತೇನೆ ಎಂದು ಘೋಷಿಸಿಬಿಟ್ಟೆ! ಪ್ರತಿ ಶುಕ್ರವಾರ ಸಂಜೆ ಟಿವಿಯಲ್ಲಿ ಬರುವ ಮೂರು ನಿಮಿಷದ ಕಂತು ಅದು. ಒಬ್ಬ ಮಂತ್ರಿ ಎಡವಟ್ಟು ಮಾಡುತ್ತಾನೆ, ಗಗನವೀರನೆಂಬ ಮಹಾಪರಾಕ್ರಮಿ ಹಾರಿಬಂದು ಬುದ್ಧಿ ಹೇಳುತ್ತಾನೆ. ಜನ ನಗಬೇಕು. ನಗುತ್ತಿರಲಿಲ್ಲ, ಅದು ಬೇರೆ ಮಾತು.

"ಈ ವಾರಾನೂ ಯಾರೂ ನಗ್ಲಿಲ್ಲ ಅಂದ್ರೆ ಅಂಗಡಿ ಮುಚ್ಚೋಣ" ಎಂದಿದ್ದರು ಚಾನೆಲ್ಲಿನ ಮುಖ್ಯಸ್ಥೆ. ನನಗೆ ನಿಜಕ್ಕೂ ಭಯವಾಗಿತ್ತು. ಹನ್ನೊಂದು ವರ್ಷ ಬೇರೆಯವರ ಚಿತ್ರಗಳಿಗೆ ಬಣ್ಣ ತುಂಬಿದ ಮೇಲೆ ಸಿಕ್ಕಿದ ಸ್ವಂತ ಕಾರ್ಯಕ್ರಮ ಇದು.

ನನ್ನ ಸ್ಟುಡಿಯೊ ಎಂದರೆ ಮಲಗುವ ಕೋಣೆಯ ಬಟ್ಟೆ ಬೀರು. ಕೋಟು ಕಂಬಳಿಗಳ ನಡುವೆ ಬಾಗಿಲೆಳೆದುಕೊಂಡು ಕೂತರೆ ಹೊರಗಿನ ಸದ್ದು ಬರುವುದಿಲ್ಲ. ಮಂತ್ರಿಯ ಮಾತು ಮುಗಿಸಿದೆ. ರೆಕಾರ್ಡಿಂಗ್ ಯಂತ್ರದ ಗುಂಡಿ ಒತ್ತಿ, ಹ್ಯಾಂಗರುಗಳು ನಡುಗುವಂತೆ ಗಗನವೀರನಾಗಿ ಅಬ್ಬರಿಸಿದೆ. ಮತ್ತೆ ಗುಂಡಿ ಒತ್ತಿ ಕಾಫಿ ಕುಡಿಯಲು ಹೋದೆ. ಅರ್ಧ ಗಂಟೆ ಬಿಟ್ಟು ಬಂದು, ಯಂತ್ರ ಆರಿಸಿ, ಎರಡೂ ಫೈಲುಗಳನ್ನು ಆನಿಮೇಟರ್‌ಗೆ ಕಳಿಸಿದೆ.

"ಒಂದ್ಸಲ ಕೇಳಿ ನೋಡ್ಬಾರ್ದಾ?" ಎಂದಳು ಹೆಂಡತಿ.

"ಸಿಂಹ ತನ್ನ ಗರ್ಜನೆ ತಾನೇ ಪರೀಕ್ಷೆ ಮಾಡುತ್ತೇನೇ?"

"ಸಿಂಹಕ್ಕೆ ಹೆಂಡ್ತಿ ಹೇಳಿದ್ರೆ ಮಾಡುತ್ತೆ."

ಶುಕ್ರವಾರ ಇಬ್ಬರೂ ಟಿವಿ ಮುಂದೆ ಕೂತೆವು. ನದಿಯೇ ಇಲ್ಲದ ಊರಿಗೆ ಸೇತುವೆ ಕಟ್ಟಿಸುವುದಾಗಿ ಮಂತ್ರಿ ಭಾಷಣ ಬಿಗಿದ. ಗಗನವೀರ ಧರೆಗಿಳಿದ! ಬೆಟ್ಟದಂಥ ಭುಜ, ಹಾರಾಡುವ ಕೆಂಪು ಮೇಲಂಗಿ. ಬಾಯಿ ತೆರೆದ. ಹೊರಬಂದದ್ದು ನನ್ನ ಹೆಂಡತಿಯ ದನಿ!

"ಅಬ್ಬಬ್ಬಾ, ಏನ್ ಅವಸ್ಥೆ ಇದು! ಬರೀ ಮಾತಲ್ಲೇ ಮಂಟಪ ಕಟ್ಟೋದು! ನಲ್ಲಿ ಬಿಚ್ಚಿಟ್ಟು ವರ್ಷ ಆಯ್ತು, ಕೇಳಿದ್ರೆ 'ಪರಿಶೀಲನೆಯಲ್ಲಿದೆ' ಅಂತೆ! ಈ ತೂತು ಬನಿಯನ್ ಬೇರೆ, ಇಸ್ತ್ರಿ ಬಟ್ಟೆ ಮಧ್ಯೆ!"

ಆಗಿದ್ದಿಷ್ಟು. ಮಂತ್ರಿಯ ಮಾತಾದ ಮೇಲೆ ಯಂತ್ರವನ್ನು ನಿಲ್ಲಿಸಲು ಮರೆತಿದ್ದೆ. ಆರಂಭಿಸಲೆಂದು ಒತ್ತಿದಾಗ ಅದು ನಿಂತಿತ್ತು, ನಿಲ್ಲಿಸಲೆಂದು ಒತ್ತಿದಾಗ ಆರಂಭವಾಗಿತ್ತು. ನಾನು ಕಾಫಿ ಹೀರುವಾಗ ಅವಳು ಗೊಣಗುತ್ತ ಬೀರು ಜೋಡಿಸಿದ್ದಳು. ನಮ್ಮ ಆನಿಮೇಟರ್ ಪ್ರಾಮಾಣಿಕ, ಕೊಟ್ಟ ದನಿಗೆ ತುಟಿ ಆಡಿಸುತ್ತಾನೆಯೇ ಹೊರತು ಪ್ರಶ್ನೆ ಕೇಳುವುದಿಲ್ಲ.

"ಅಯ್ಯೋ, ನನ್ನ ಮಾನ!" ಎಂದಳು.

"ಬನಿಯನ್ ನಂದು ಕಣೇ! ನನ್ನ ಕಾರ್ಯಕ್ರಮಾನೂ ಹೋಯ್ತು!" ಎಂದೆ.

ಆಗ ಪಕ್ಕದ ಮನೆಯಿಂದ ನಗು ಕೇಳಿಸಿತು. ಮೇಲಿನ ಮನೆಯಲ್ಲಿ ಯಾರೋ ನೆಲ ಕುಟ್ಟಿ ಕುಟ್ಟಿ ನಗುತ್ತಿದ್ದರು. ಫೋನ್ ಬಡಿದುಕೊಂಡಿತು, ಸ್ಪೀಕರಿಗೆ ಹಾಕಿದೆ. ಮುಖ್ಯಸ್ಥೆ!

"ಆ ಗಗನವೀರನ ದನಿ ಯಾರದ್ರೀ? ನಕ್ಕೂ ನಕ್ಕೂ ಸಾಕಾಯ್ತು! ಇನ್ನೂ ಇಪ್ಪತ್ತು ಕಂತು ಮಾಡೋಣ, ದನಿ ಮಾತ್ರ ಅವರದ್ದೇ!"

ಹೋದ ಜೀವ ಬಂದಂತಾಯಿತು. "ಮತ್ತೆ ನಾನು?" ಎಂದೆ ಮೆಲ್ಲಗೆ.

"ನೀವು ಬರೀತಾ ಇರಿ. ವಾರಕ್ಕೊಂದ್ಸಲ ಅವರಿಗೆ ಇಷ್ಟೇ ಸಿಟ್ಟು ಬರೋ ಹಾಗೆ ನೋಡ್ಕೊಳ್ಳಿ, ಸಾಕು."

ಹೆಂಡತಿ ಫೋನಿನತ್ತ ಬಾಗಿದಳು. "ವಾರಕ್ಕೆ ಒಂದೇ ಸಲಾನಾ ಮೇಡಂ? ಹಾಗಾದ್ರೆ ಇಷ್ಟು ವರ್ಷ ಇವರು ದಿನಾ ಓವರ್‌ಟೈಮ್ ಮಾಡ್ತಿದ್ರು!"