ಗಿಳಿ ಜೋಡಿಯಾಯಿತು, ರಸಂ ಪುಡಿ ಆಗಲಿಲ್ಲ

ನಮ್ಮ ಫ್ಯಾಕ್ಟರಿಯಲ್ಲಿ ಯಾವುದೂ ಸುಮ್ಮನೆ ಕೆಡುವುದಿಲ್ಲ; ಕೆಡುವ ಮೊದಲು ಅದಕ್ಕೊಂದು ಟ್ರೈನಿಂಗ್ ಆಗಿರುತ್ತದೆ. ಸೋಂಪುರದಲ್ಲಿ ಮಸಾಲೆ ಪುಡಿ ಪ್ಯಾಕ್ ಮಾಡುವ ಚಿಕ್ಕ ಜಾಗ. ಟ್ರೈನಿಂಗ್ ನೋಡಿಕೊಳ್ಳುವವಳು ನಾನು.

ತಲೆಗೆ ಕಸರತ್ತು

ರಸಂ ಪುಡಿಗೆ ಸಾಂಬಾರ್ ಲೇಬಲ್ ಅಂಟಿಕೊಂಡು ಹೋದ ಪ್ಯಾಕೆಟ್ಟುಗಳು ಅಂಗಡಿಗಳಿಂದ ವಾಪಸ್ ಬರತೊಡಗಿದ್ದವು. ಓನರ್ ಯಾವುದೋ ವಿಡಿಯೋ ನೋಡಿಕೊಂಡು ಬಂದರು.

"ಮೆದುಳೂ ಮಸಲ್ ಇದ್ದ ಹಾಗೇ ಕಣಮ್ಮಾ. ಎಕ್ಸರ್‌ಸೈಜ್ ಮಾಡಿಸಿದ್ರೆ ಎಲ್ಲಾ ಕೆಲಸಕ್ಕೂ ಚುರುಕಾಗತ್ತೆ."

ಹಾಗಾಗಿ ಶಿಫ್ಟಿಗೆ ಮೊದಲು ಎಲ್ಲರೂ ಟ್ಯಾಬಿನಲ್ಲಿ ಒಂದು ಆಟ ಆಡಬೇಕು. ಮಗುಚಿಟ್ಟ ಚಿತ್ರಗಳಲ್ಲಿ ಗಿಳಿಗೆ ಗಿಳಿ, ಮಾವಿಗೆ ಮಾವು ಎಲ್ಲಿದೆ ಅಂತ ನೆನಪಿಟ್ಟು ಜೋಡಿಸುವುದು. "ಲೇಬಲ್ ತಪ್ಪು ಕಡಿಮೆಯಾದ್ರೆ ನಿಮ್ಮ ಕೆಲಸ ಖಾಯಂ," ಅಂತ ನನಗೆ ಹೇಳಿದರು. ಆಗದಿದ್ದರೆ ಏನು ಅಂತ ನಾನು ಕೇಳಲಿಲ್ಲ. ಓದಿದ್ದು ಇಂಗ್ಲಿಷ್ ಮೀಡಿಯಂ; ಇಂಗ್ಲಿಷಿನಲ್ಲಿ ಕೇಳಲು ಹೆದರಿಕೆ, ಕನ್ನಡದಲ್ಲಿ ಕೇಳಲು ನಾಚಿಕೆ.

ಫಸ್ಟ್ ರ‍್ಯಾಂಕ್

ಪ್ಯಾಕಿಂಗಿನ ಅಕ್ಕ ಒಬ್ಬರು ಆಟದಲ್ಲಿ ಎಲ್ಲರನ್ನೂ ಮೀರಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಗಿಳಿಗಳೆಲ್ಲ ಜೋಡಿ. ಓನರ್ ಅವರಿಗೆ ಶಾಲು ಹೊದಿಸಿದರು. ಅಕ್ಕ ಆ ಶಾಲಿನಲ್ಲೇ ಹೋಗಿ ಕೂತು, ಒಂದಿಡೀ ಬಾಕ್ಸು ರಸಂ ಪುಡಿಗೆ ಸಾಂಬಾರ್ ಲೇಬಲ್ ಅಂಟಿಸಿದರು.

"ಅಕ್ಕಾ, ಗಿಳಿಯಲ್ಲಿ ಒಂದೂ ತಪ್ಪಿಲ್ಲ. ಇದು ಹೇಗೆ?"

"ಗಿಳಿ ಬೇರೆ, ಮಾವು ಬೇರೆ ಮೇಡಂ. ಇವು ಹಂಗಲ್ಲ. ಮುದ್ದೆ ಜೊತೆಗೆ ಬಂದ್ರೆ ಯಾವ್ದಾದ್ರೂ ಸಾರೇ ಅಲ್ವಾ?"

ಮೇಲಿನ ಲೆವೆಲ್

ನಮ್ಮ ಸೂಪರ್‌ವೈಸರ್ ಆಟವನ್ನು ಫೋನಿಗೂ ಹಾಕಿಸಿಕೊಂಡರು. "ಈಗ ಮೊದಲಿನ ಹಾಗಲ್ಲ ಮೇಡಂ, ಏನೂ ಮರೆಯಲ್ಲ," ಅಂತ ಒಂದೇ ಬೆಳಿಗ್ಗೆ ಮೂರು ಸಲ ಹೇಳಿದರು. ಅವರ ಮನೆ ನೆಲಮಂಗಲದಲ್ಲಿ. ಅವತ್ತು ಸಂಜೆ ಫೋನ್ ಬಂತು.

"ಕಷ್ಟದ ಲೆವೆಲ್ ಮುಗಿಸ್ಬಿಟ್ಟೆ ಮೇಡಂ!"

"ಕಂಗ್ರಾಟ್ಸ್ ಸರ್. ಮನೆ ಸೇರಿದ್ರಾ?"

"ಬಸ್ಸು ದೊಡ್ಡಬಳ್ಳಾಪುರಕ್ಕೆ ಬಂದ್ಬಿಟ್ಟಿದೆ. ಅದು ಬಸ್ಸಿನ ತಪ್ಪು."

ರಿವ್ಯೂ ಮೀಟಿಂಗ್

ತಿಂಗಳ ಕೊನೆಗೆ ಓನರ್ ಕರೆದರು. ಕೆಲಸ ಹೋಯಿತು ಅಂತಲೇ ಒಳಗೆ ಹೋದೆ.

"ಹೇಳಮ್ಮಾ, ಚುರುಕಾದ್ರಾ?"

"ಆಟದಲ್ಲಿ ಆಗಿದ್ದಾರೆ ಸರ್," ಅಂದೆ. "ಆಡಿದ್ದು ಅದನ್ನೇ ಅಲ್ವಾ. ಲೇಬಲ್ ಮೊದಲು ಹೇಗಿತ್ತೋ ಹಾಗೇ ಇದೆ."

ಅವರು ಟ್ಯಾಬ್ ಕೈಗೆತ್ತಿಕೊಂಡರು. "ಹಾಗಾದ್ರೆ ಗಿಳಿ ತೆಗೆಸಿ, ಗೇಮಿಗೆ ನಮ್ಮ ಲೇಬಲ್ಲೇ ಹಾಕಿಸೋಣ. ಅಲ್ಲ, ಟ್ಯಾಬ್ ಯಾಕೆ? ನಿಜವಾದ ಪ್ಯಾಕೆಟ್ಟು, ನಿಜವಾದ ಲೇಬಲ್ಲು ಕೊಟ್ಟು ಅಂಟಿಸಿ ಅಂದ್ಬಿಡಿ! ಬೆಳಿಗ್ಗೆಯಿಂದ ಸಂಜೆತನಕ!"

"ಸರ್, ಅವರು ಶಿಫ್ಟಲ್ಲಿ ಮಾಡೋದೂ..."

"ಈ ಟ್ರೈನಿಂಗ್ ನೀವೇ ನೋಡ್ಕೋಬೇಕು. ಕೆಲಸ ಖಾಯಂ."

"ಬೋರ್ಡು ಬರೆಸ್ತೀನಿ ಸರ್," ಅಂದೆ.

ಮಾರನೇ ದಿನ ಅದೇ ಮೇಜು, ಅದೇ ಪುಡಿ, ಅದೇ ಅಂಟು. ಗೋಡೆಗೆ ಮಾತ್ರ 'ಬ್ರೈನ್ ಟ್ರೈನಿಂಗ್' ಅಂತ ಬೋರ್ಡು. ಎಲ್ಲರೂ ಇಡೀ ದಿನ ಲೇಬಲ್ ಅಂಟಿಸಿದರು. ಸಂಜೆ ಬೆಲ್ ಹೊಡೆದಾಗ ಪ್ಯಾಕಿಂಗಿನ ಅಕ್ಕ ಸೊಂಟ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಟ್ರೈನಿಂಗ್ ಚೆನ್ನಾಗಿತ್ತು ಮೇಡಂ. ಕೆಲಸ ಯಾವತ್ತಿಂದ ಶುರು?"