ಟೊಪ್ಪಿಗೆ ತೆಗೆಯದ ಮಾಮಾ

ನಮ್ಮ ಮಾಮಾ ಹಾಲಿವುಡ್ಡಿನ ಹೀರೋ ಆಗಲಿಲ್ಲ ಎಂದರೆ ಅದು ಅವನ ತಪ್ಪಲ್ಲ, ಭೂಗೋಳದ ತಪ್ಪು! ಜುಗೂಳದಲ್ಲಿ ಹುಟ್ಟಿ, ಉಗಾರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನನ್ನು ಅಮೆರಿಕದವರು ಹುಡುಕಿಕೊಂಡು ಬರುವುದಾದರೂ ಹೇಗೆ? ಹಾಗಾಗಿ ಅಮೆರಿಕವೇ ಬಂದು ಅವನ ತಲೆಯ ಮೇಲೆ ಕುಳಿತಿತ್ತು. ಅಗಲ ಅಂಚಿನ ಕೌಬಾಯ್ ಟೊಪ್ಪಿಗೆ, ಬಾಯಲ್ಲಿ ಬೀಡಿ, ಹಿಂದೆ ಎರಡು ಟ್ರೇಲರ್ ಕಬ್ಬು. ನಮ್ಮ ಅವ್ವನ ಒಬ್ಬನೇ ತಮ್ಮ, ನನ್ನ ಖಾಸಾ ಸೋದರಮಾವ.

ಕುಡಚಿ ಸ್ಟೇಷನ್ ರಸ್ತೆಯಲ್ಲಿ ಹಳೆಯ ಸಿಡಿ ಮಾರುವವನ ಹತ್ತಿರ ಅವನಿಗೊಬ್ಬ ಹಾಲಿವುಡ್ ನಟ ಸಿಕ್ಕಿದ್ದ. ಕಪ್ಪು-ಬಿಳುಪು ಕಾಲದವನು. ಹೆಸರು ನಾಲಿಗೆಯಲ್ಲಿ ಹೊರಳದೆ ಮಾಮಾ ಅವನನ್ನು ‘ಸಾಯ್ಬ’ ಎಂದು ಕರೆದ. ಇಂಗ್ಲಿಷಿನ ಒಂದಕ್ಷರ ಬಾರದಿದ್ದರೂ ಸಾಯ್ಬನ ಜೀವಮಾನದ ಪಾತ್ರಗಳೆಲ್ಲ ಇವನಿಗೆ ಬಾಯಿಪಾಠ! ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಗಾಡಿಗಳು ಪಾಳಿ ಹಚ್ಚಿ ದಿನವಿಡೀ ನಿಲ್ಲುತ್ತಿದ್ದವಲ್ಲ, ಆಗ ಉಳಿದ ಡ್ರೈವರುಗಳಿಗೆ ಇದೇ ಪುರಾಣ.

“ಮೊದಲನೇ ಸಿನೆಮಾದಾಗ ಸಾಯ್ಬ ಯಾವದೋ ಊರಿಂದ ಬಂದ ಪರದೇಶಿ. ಎರಡನೇದ್ರಾಗ ಜೇಲಿಂದ ಬಂದಾವ. ಮೂರನೇದ್ರಾಗ ಮಿಲಿಟ್ರಿ ಬಿಟ್ಟ ಓಡಿ ಬಂದಾವ. ಊರ ಉಳಸ್ತಾನ, ಹೊಂಟ ಹೋಗ್ತಾನ. ಒಬ್ಬರರೆ ‘ಉಂಡ ಹೋಗಪಾ’ ಅನ್ನೂದಿಲ್ಲ!”

“ಅಂವಗ ಮನೀ-ಮಾರು ಇಲ್ಲೇನೋ?” ಎಂದು ಯಾರಾದರೂ ಕೇಳಿದರೆ ಮಾಮಾ ಬೀಡಿ ಆರಿಸುತ್ತಿದ್ದ.

“ಒಮ್ಮೆ ಕೊಟ್ಟಿದ್ರು. ಹೇಣ್ತಿ, ಮಕ್ಕಳು, ಮನೀ ತುಂಬ ಮಂದಿ. ಆ ಸಿನೆಮಾ ಎಂಟ ದಿನಾನೂ ಓಡಲಿಲ್ಲ. ಅಂವ ಬಾಗಲ ಹೊರಗ ನಿಂತ್ರನ ಮಂದೀಗಿ ಚಂದ ಕಾಣ್ತಾನ.”

ಅಮೆರಿಕದಲ್ಲಿ ಎಂಟು ದಿನ ಓಡಲಿಲ್ಲವೆಂಬ ಸುದ್ದಿಯನ್ನು ಇವನಿಗೆ ಕುಡಚಿಯಲ್ಲಿ ಯಾರು ಮುಟ್ಟಿಸಿದರೋ!

ಮಾಮಾ ಸ್ವತಃ ನಟ. ನಮ್ಮ ಕನ್ನಡ ನಾಟಕಗಳಲ್ಲಿ ಅವನಿಗೆ ಮರಾಠಿ ಮಾತಾಡುವ ಫೌಜದಾರನ ಪಾತ್ರ. ಹೊಳೆಯಾಚೆ ಮಹಾರಾಷ್ಟ್ರದ ಮರಾಠಿ ನಾಟಕಗಳಲ್ಲಿ ಕನ್ನಡ ಮಾತಾಡುವ ಪೆದ್ದನ ಪಾತ್ರ. ಎರಡು ಭಾಷೆಯನ್ನೂ ಸೊಗಸಾಗಿ ಬಲ್ಲವನಿಗೆ ಸಿಕ್ಕ ಬಹುಮಾನ ನೋಡಿ! ಎರಡೂ ದಂಡೆಯ ಜನ ಅವನನ್ನು ನೋಡಿ ಬಿದ್ದು ಬಿದ್ದು ನಕ್ಕರು, ಕೊನೆಯ ಅಂಕದಲ್ಲಿ ಊರು ಬಿಡಿಸಿದರು. ಒಮ್ಮೆ ಧೈರ್ಯ ಮಾಡಿ ಮನೆಯ ಯಜಮಾನನ ಪಾರ್ಟು ಕೇಳಿದ. ನಾಟಕದ ಮಾಸ್ತರರು, “ಲೇ, ನಿನಗ ಹೆಣ್ಣ ಕೊಡಾಕ ಯಾರೂ ತಯಾರಿಲ್ಲ, ನಿನ್ನ ಯಜಮಾನ ಅಂದ್ರ ಯಾರ ನಂಬ್ತಾರ?” ಎಂದರು. ಎಲ್ಲರೂ ನಕ್ಕರು. ಮಾಮಾನೂ ನಕ್ಕ.

ಆ ಟೊಪ್ಪಿಗೆಯನ್ನು ಅವನು ಯಾರೆದುರೂ ತೆಗೆಯುತ್ತಿರಲಿಲ್ಲ.

“ಆ ಬುಟ್ಟಿ ಇಳಸೋ ತಮ್ಮಾ!” ಎಂದು ಅವ್ವ ಗದರಿದರೆ, “ಸಾಯ್ಬ ಟೊಪಗಿ ತಗಿಯೂದು ತನ್ನ ಮನೀ ಒಳಗ ಅಷ್ಟ, ಅಕ್ಕಾ” ಎಂದು ನಮ್ಮ ಕಟ್ಟೆಯ ಮೇಲೇ ಕೂತು ಚಹಾ ಕುಡಿದು ಹೋಗುತ್ತಿದ್ದ. ಒಳಗೆ ಬಾ ಎಂದು ನಾವಾದರೂ ಎಲ್ಲಿ ಒತ್ತಾಯ ಮಾಡಿದೆವು?

ನಾನು ಅಥಣಿಯಲ್ಲಿ ಕಾಲೇಜು ಓದುವಾಗ ಒಂದು ದಿನ ಚುರಮುರಿ ಗಂಟು ಹಿಡಿದು ಗೇಟಿನಲ್ಲಿ ನಿಂತಿದ್ದ, ಅದೇ ಟೊಪ್ಪಿಗೆಯಲ್ಲಿ. ಗೆಳತಿಯರು ಕಿಸಕ್ಕನೆ ನಕ್ಕು, “ಯಾರಬೇ ಅಂವ?” ಎಂದರು. “ನಮ್ಮೂರಾವ ಯಾರೋ” ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ! ಗಂಟನ್ನು ವಾಚಮನ್ ಕೈಗೆ ಕೊಟ್ಟು ಹೋದ. ಚುರಮುರಿಯನ್ನು ಮಾತ್ರ ನಾನು ಚೆನ್ನಾಗಿಯೇ ತಿಂದೆ.

ಮುಂದೆ ನಿಪ್ಪಾಣಿಯ ನೌಕರದಾರರ ಮನೆಗೆ ನನ್ನ ಮದುವೆ ಗಟ್ಟಿಯಾಯಿತು. ನಮ್ಮಲ್ಲಿ ಅಕ್ಷತೆ ಬೀಳುವಾಗ ಸೋದರಮಾವ ತುದಿಗೆ ನಿಂಬೆಹಣ್ಣು ಚುಚ್ಚಿದ ಕತ್ತಿ ಹಿಡಿದು ಮದುಮಗಳ ಬೆನ್ನಿಗೆ ನಿಲ್ಲಬೇಕು. ಮಾತಿಲ್ಲ, ಹಾಡಿಲ್ಲ, ಅಲುಗಾಡುವಂತಿಲ್ಲ. ಮಾಮಾನ ಜನ್ಮದಲ್ಲಿ ಯಾರೂ ಕಿತ್ತುಕೊಳ್ಳಲಾಗದ ಮನೆಯೊಳಗಿನ ಪಾತ್ರ ಇದೊಂದೇ! ತಿಂಗಳುಗಟ್ಟಲೆ ಕಬ್ಬಿನ ಪಾಳಿಯಲ್ಲಿ, ಕಬ್ಬು ಕಡಿಯುವ ಕೊಯ್ತಾದ ತುದಿಗೆ ನಿಂಬೆ ಚುಚ್ಚಿಕೊಂಡು ನಿಂತು ತಾಲೀಮು ಮಾಡಿದನಂತೆ. ಗಾಡಿಗಳು ಮುಂದೆ ಸರಿದರೂ ಇವನು ಕದಲಲಿಲ್ಲವೆಂದು ಹಿಂದಿನ ಡ್ರೈವರುಗಳು ಬೈದರಂತೆ.

ನಾವು ಅದನ್ನೂ ಕಿತ್ತುಕೊಂಡೆವು. ನಾವು ಎನ್ನುವುದೂ ನನ್ನ ಕಳ್ಳತನವೇ, ನಾನು ಕಿತ್ತುಕೊಂಡೆ. “ಆ ಟೊಪಗಿ ಸೋಂಗ ನನ್ನ ಬೆನ್ನಿಗಿ ನಿಂತ್ರ ಬೀಗರ ಮುಂದ ಮಾನ ಉಳೀತೈತೇನವ್ವಾ?” ಎಂದು ಅಳುತ್ತ ಹಟ ಹಿಡಿದೆ. ಅವ್ವನ ಚಿಕ್ಕಪ್ಪನ ಮಗ, ಬ್ಯಾಂಕಿನ ಮ್ಯಾನೇಜರು, ಮಾವನಾಗಿ ನಿಲ್ಲುವುದೆಂದು ಠರಾಯಿತು. ಅವ್ವ ಕಟ್ಟೆಯ ಮೇಲೆ ಕೂತು ತಮ್ಮನಿಗೆ ಹೇಳಿದಳು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

“ಬರೋಬರಿ ಐತಿ ಅಕ್ಕಾ. ಮನೀ ಒಳಗಿನ ಪಾರ್ಟ ಸಾಯ್ಬಗೂ ಒಗ್ಗಲಿಲ್ಲಲ್ಲ” ಎಂದ ಮಾಮಾ.

ಮದುವೆಯ ದಿನ ಅವನು ಊಟದ ಪಂಕ್ತಿಯಲ್ಲೂ ಕಾಣಲಿಲ್ಲ. “ಸೊಕ್ಕ ನೋಡ ಅವಂದ! ಖಾಸಾ ಮಾವ, ಅಕ್ಕಿಕಾಳಿಗೂ ಬರಲಿಲ್ಲ” ಎಂದು ಮನೆಯವರೆಲ್ಲ ವರ್ಷಗಟ್ಟಲೆ ಆಡಿಕೊಂಡರು. ನಾನೂ ಆಡಿಕೊಂಡೆ. ತಪ್ಪು ಮಾಡಿದವರಿಗೆ ಸಿಟ್ಟು ಬಹಳ ಅನುಕೂಲ.

ಮೊನ್ನೆ ಮಾಮಾ ತೀರಿಕೊಂಡ. ದಿನಕರ್ಮ ಮುಗಿಸಿ ನಿಪ್ಪಾಣಿಗೆ ಮರಳಿದ ಮೇಲೆ ನನ್ನ ಮಗಳು ಹೊತ್ತು ಹೋಗದೆ ನಮ್ಮ ಮದುವೆಯ ಸಿಡಿ ಹಾಕಿದಳು. ಅದನ್ನು ನಾನೆಷ್ಟು ಸಲ ನೋಡಿಲ್ಲ! ನನ್ನ ಸೀರೆ ನೋಡಿದ್ದೆ, ನನ್ನ ಸರ ನೋಡಿದ್ದೆ, ನನ್ನ ಮಾರಿ ನೋಡಿದ್ದೆ. ಮಗಳಿಗೆ ಅದಾವುದೂ ಬೇಕಿರಲಿಲ್ಲ. ಅಕ್ಷತೆ ಬೀಳುವ ಹೊತ್ತಿಗೆ ನನ್ನ ಬೆನ್ನ ಹಿಂದೆ ಮ್ಯಾನೇಜರ್ ಮಾವ ಕತ್ತಿಯನ್ನು ಕಂಕುಳಲ್ಲಿ ಸಿಗಿಸಿ ಮೊಬೈಲಿನಲ್ಲಿ ಮಾತಾಡುತ್ತಿರುವುದನ್ನು ನೋಡಿ ನಕ್ಕಳು. ಆಮೇಲೆ ಟೀವಿಯ ಹತ್ತಿರ ಹೋಗಿ ಬೆರಳಿಟ್ಟಳು.

“ಮಮ್ಮೀ, ಅಲ್ಲಿ ಹಿಂದ ಯಾರೋ ನಿಂತಾರಲಾ?”

ಹಂದರದ ಆಚೆ, ರಸ್ತೆಯ ಮೇಲೆ ಟ್ರ್ಯಾಕ್ಟರ್ ನಿಂತಿತ್ತು. ಅದರ ಪಕ್ಕದಲ್ಲಿ, ನನ್ನ ಬೆನ್ನಿಗೆ ನೇರಾನೇರ, ಮಾಮಾ ಎರಡೂ ಕೈಯಲ್ಲಿ ಕೊಯ್ತಾ ಹಿಡಿದು ನಿಂತಿದ್ದ. ತುದಿಗೆ ನಿಂಬೆಹಣ್ಣು. ಜನ ಅಕ್ಷತೆ ಎಸೆದರು, ಬ್ಯಾಂಡು ಬಡಿದರು, ಅವನು ಅಲುಗಲಿಲ್ಲ. ತಲೆ ಬರಿದಾಗಿತ್ತು. ಟೊಪ್ಪಿಗೆ ಟ್ರ್ಯಾಕ್ಟರಿನ ಸೀಟಿನ ಮೇಲಿತ್ತು.

“ಯಾರ ಮಮ್ಮೀ ಅವರು?”

“ನನ್ನ ಸೋದರಮಾವ” ಎಂದೆ.